‘5.1 ರೀಮಿಕ್ಸ್’ ಡಿಸ್ಕ್ ತಗೊಳ್ಳೋರು ದುಡ್ಡು ಹಾಕೋ ಮುಂಚೆ ಇದನ್ನ ಓದಿ

ನಾಲ್ಕೂವರೆ ಸಾವಿರ ರೂಪಾಯಿ. ಪಿಂಕ್ ಫ್ಲಾಯ್ಡ್ ಬ್ಯಾಂಡ್‌ನ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಆಲ್ಬಮ್, 2003ರ ಎಸ್‌ಎಸಿಡಿ (ಸಿಡಿಗಿಂತ ಮೇಲ್ದರ್ಜೆ ಆಡಿಯೋ ಡಿಸ್ಕ್), ಜೇಮ್ಸ್ ಗತ್ರಿ ಮಾಡಿದ 5.1 ಮಿಕ್ಸ್, ಅಂದ್ರೆ ಮುಂದೆ ಮೂರು, ಹಿಂದೆ ಎರಡು ಸ್ಪೀಕರ್, ಜೊತೆಗೊಂದು ಸಬ್‌ವೂಫರ್‌ಗೆ ಸದ್ದು ಹಂಚಿರೋದು. ‘ಒರಿಜಿನಲ್ ಸಾರ್, ಫಾರಿನ್ ಪೀಸು’ ಅಂದ ಮಾರೋ ಪುಣ್ಯಾತ್ಮ. ಫೋನ್‌ಪೇ ಮಾಡಿದೆ. ಬಂದಿದ್ದು ಬರ್ನ್ ಮಾಡಿದ ಡಿವಿಡಿ! ತಿರುಗಿಸಿ ನೋಡಿದ್ರೆ ಅಡಿಭಾಗದಲ್ಲಿ ಕಾಪಿ ಹೊಡೆದ ಡಿಸ್ಕ್‌ಗಿರೋ ನೇರಳೆ ಬಣ್ಣ. ಆ ಎಸ್‌ಎಸಿಡಿಯ ಕವರ್ ಬಣ್ಣದ ಗಾಜಿನ ಕಿಟಕಿ ಥರ ಇರುತ್ತೆ, ಇವನು ಹಳೇ 1973ರ ಕಪ್ಪು ಕವರನ್ನೇ ಪ್ರಿಂಟ್ ಹೊಡೆದು ತುರುಕಿದಾನೆ.

ಕೇಳಿದ್ದಕ್ಕೆ, ‘ಪ್ಯಾಕಿಂಗ್ ಬೇರೆ ಸಾರ್, ಆಡಿಯೋ ಅದೇ. ಹಾಕಿ ಕೇಳಿ, ಆಮೇಲೆ ಮಾತಾಡಿ.’

ಹಾಕಿದೆ. ಸ್ನೇಹಿತರೂ ಬಂದಿದ್ರು. ‘ಟೈಮ್’ ಹಾಡು ಶುರುವಾಗೋ ಮುಂಚೆ ನಾನೇ ದೊಡ್ಡದಾಗಿ ಹೇಳಿದೆ, ‘ಈಗ ನೋಡ್ರೋ, ಗಡಿಯಾರಗಳು ಸುತ್ತ ನಾಲ್ಕೂ ಕಡೆಯಿಂದ ಬಾರಿಸ್ತವೆ.’ ಆ ಗಡಿಯಾರಗಳನ್ನ ಆಲ್ಬಮ್‌ನ ಸೌಂಡ್ ಎಂಜಿನಿಯರ್ ಅಲನ್ ಪಾರ್ಸನ್ಸ್ ರೆಕಾರ್ಡ್ ಮಾಡ್ಕೊಂಡಿದ್ದೇ ನಾಲ್ಕು ಚಾನೆಲ್ ಸೌಂಡ್ ತೋರಿಸೋಕೆ. ಇಲ್ಲಿ ನೋಡಿದ್ರೆ ಎಲ್ಲಾ ಗಡಿಯಾರ ಮುಂದೇನೇ ಬಾರಿಸಿದ್ವು. ಹಿಂದೆ ಬರೀ ತೆಳ್ಳಗೆ ಅದರದೇ ಮಾರ್ದನಿ. ಒಬ್ಬ ಅಂದ, ‘ನಮ್ಮನೆ ಟಿವೀಲೂ ಹಿಂಗೇ ಕೇಳತ್ತಲ್ಲೋ.’ ಮುಖ ಎಲ್ಲಿಡಲಿ?

ಅವರು ಹೋದ್ಮೇಲೆ ಮುಂದಿನ ಮೂರು ಸ್ಪೀಕರ್ ವೈರ್ ಕಿತ್ತು, ಹಿಂದಿನವನ್ನ ಮಾತ್ರ ಇಟ್ಟು ‘ಮನಿ’ ಹಾಡು ಹಾಕಿದೆ. ಆ ಚಿಲ್ಲರೆ, ಕ್ಯಾಶ್ ರಿಜಿಸ್ಟರ್ ಸದ್ದುಗಳು ಒಂದೊಂದಾಗಿ ಕೋಣೆ ಸುತ್ತಬೇಕು. ಇಲ್ಲಿ ಎಲ್ಲಾ ಒಟ್ಟಿಗೆ, ಬಕೆಟ್ ಒಳಗಿಂದ ಬಂದ ಹಾಗೆ. ಹಾಡೋ ದನಿಯೂ ಅಲ್ಲೇ ಸಣ್ಣಗೆ, ಡ್ರಮ್ಸ್‌ನ ಸಿಂಬಲ್ (ಕಂಚಿನ ತಟ್ಟೆ) ಒಂದ್ಸಲ ಎಡಕ್ಕೆ ಒಂದ್ಸಲ ಬಲಕ್ಕೆ ತೇಲ್ತಿದೆ. ಆಲ್ಬಮ್ ರೆಕಾರ್ಡ್ ಆದ ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೋದ ಮೂಲ 16 ಟ್ರ್ಯಾಕ್ ಟೇಪಿಂದ ಒಂದೊಂದು ಸದ್ದು ಬಿಡಿಸಿ ಹೊಸದಾಗಿ ಕೂರಿಸಿದ್ರೆ ಅದು ರೀಮಿಕ್ಸ್. ಇದು ಎರಡೇ ಚಾನೆಲ್ಲಿನ ಸ್ಟೀರಿಯೋ ಸಿಡೀನ ಸಾಫ್ಟ್‌ವೇರಿಗೆ ಹಾಕಿ ಆರು ಚಾನೆಲ್‌ಗೆ ಎಳೆದಿರೋದು. ಅಷ್ಟೇ.

ವಾಟ್ಸಾಪ್‌ನಲ್ಲಿ ಹೇಳಿದೆ. ಉತ್ತರ ನೋಡಿ:

‘ನಿಮ್ಮ ರಿಸೀವರ್ ಸೆಟ್ಟಿಂಗ್ ಸರಿ ಇಲ್ಲ ಸಾರ್.’

ರಿಸೀವರ್ (ಸ್ಪೀಕರ್‌ಗಳನ್ನ ಓಡಿಸೋ ಆಂಪ್ಲಿಫೈಯರ್) ಡೈರೆಕ್ಟ್ ಮೋಡ್‌ನಲ್ಲಿದೆ, ತಾನಾಗಿ ಏನೂ ಸೇರಿಸ್ತಿಲ್ಲ ಅಂತ ಫೋಟೋ ಕಳಿಸಿದೆ.

‘ಡಿಸ್‌ಪ್ಲೇನಲ್ಲಿ 5.1 ಅಂತ ಬರ್ತಿದೆಯಲ್ಲ ಸಾರ್?’

ಬರುತ್ತಪ್ಪ! ಅದು ಚಾನೆಲ್ ಎಷ್ಟು ಅಂತ ಮಾತ್ರ ತೋರಿಸೋದು, ಒಳಗೆ ಏನು ತುಂಬಿದೀರ ಅಂತಲ್ಲ.

‘ಹಿಂದೆ ಸೌಂಡ್ ಬರ್ತಿದೆ ತಾನೆ? ಮತ್ತೇನ್ ಸಾರ್ ಬೇಕು ನಿಮಗೆ? ಬೇರೆ ಯಾರೂ ಕಂಪ್ಲೇಂಟ್ ಮಾಡಿಲ್ಲ.’

ಮತ್ತೇನ್ ಬೇಕಂತೆ! ದುಡ್ಡು ವಾಪಸ್ ಕೊಡಯ್ಯ ಅಂದೆ. ಬ್ಲಾಕ್.

ತಗೊಳ್ಳೋರು ಡಿಸ್ಕ್‌ನ ಅಡಿಭಾಗದ ಫೋಟೋ ಕೇಳಿ, ಹಿಂದಿನ ಸ್ಪೀಕರ್ ಮಾತ್ರ ಓಡೋ ವಿಡಿಯೋ ಕೇಳಿ. ಕೊಡಲ್ಲ ಅಂದ್ರೆ ಬಿಟ್ಬಿಡಿ. ನಿಮ್ಮ ರಿಸೀವರ್‌ನಲ್ಲಿ ಡಾಲ್ಬಿ ಸರೌಂಡ್, ನ್ಯೂರಲ್ ಎಕ್ಸ್ ಥರ ಸ್ಟೀರಿಯೋನ ತಾನೇ ಎಲ್ಲಾ ಸ್ಪೀಕರಿಗೂ ಹರಡೋ ಮೋಡ್‌ಗಳನ್ನೆಲ್ಲ ಆಫ್ ಮಾಡಿಯೇ ಕೇಳಿ, ಇಲ್ಲಾಂದ್ರೆ ಅದೇ ನಿಮ್ಮ ಕಿವಿಗೆ ಹೂ ಇಡುತ್ತೆ.

ಸ್ನೇಹಿತನ ನಂಬರಿಂದ ಅವನನ್ನೇ ವಿಚಾರಿಸಿದ್ವಿ. ಈಗ ಕಿಂಗ್ ಕ್ರಿಮ್ಸನ್ ಬ್ಯಾಂಡ್‌ದು ಇದೆಯಂತೆ, ಸ್ಟೀವನ್ ವಿಲ್ಸನ್ ಮಾಡಿದ 5.1 ಮಿಕ್ಸ್, ‘ಒರಿಜಿನಲ್ ಸಾರ್, ಫಾರಿನ್ ಪೀಸು.’ ರೇಟು ಐದು ಸಾವಿರ.