ಇಯರ್‌ಟ್ರಂಪೆಟ್: ಮೀಟಿಂಗ್‌ಗೊಂದು, ಹಾಡಿಗೊಂದು ವಾಲ್ಯೂಮ್

ಮೀಟಿಂಗ್‌ನಲ್ಲಿ ಮಾತು ಕೇಳಿಸದೆ ವಾಲ್ಯೂಮ್ ಏರಿಸಿದ ಹೊತ್ತಿಗೇ ಮೇಲ್ ಬಂದ ‘ಟಿಂಗ್’ ಸದ್ದು ಕಿವಿಗೆ ರಾಚುತ್ತದೆ. ಒಂದೊಂದು ಆ್ಯಪ್‌ನ ಸದ್ದನ್ನೂ ಬೇರೆಬೇರೆಯಾಗಿ ತಗ್ಗಿಸುವ ಮಿಕ್ಸರ್ ವಿಂಡೋಸ್‌ನಲ್ಲಿ ವಿಸ್ಟಾ ಕಾಲದಿಂದಲೂ ಇದೆ, ಆದರೆ ಮೂಲೆಯಲ್ಲಿ ಅಡಗಿದೆ. ಅದನ್ನು ಟಾಸ್ಕ್‌ಬಾರ್‌ಗೆ ತರುವುದು ಇಯರ್‌ಟ್ರಂಪೆಟ್ ಎಂಬ ಆ್ಯಪ್. ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ಉಚಿತ.

ಐಕಾನ್ ಕಾಣದಿದ್ದರೆ ಗಡಿಯಾರದ ಪಕ್ಕದ ಬಾಣದ ಗುರುತು ಒತ್ತಿ, ಅಲ್ಲಿಂದ ಹೊರಗೆಳೆದುಕೊಳ್ಳಿ. ಕ್ಲಿಕ್ ಮಾಡಿದರೆ ಸದ್ದು ಮಾಡುತ್ತಿರುವ ಆ್ಯಪ್‌ಗಳೆಲ್ಲ ಸಾಲಾಗಿ ಬರುತ್ತವೆ. ಸ್ಲೈಡರ್‌ನೊಳಗೇ ಸದ್ದಿನ ಮಟ್ಟ ಕುಣಿಯುತ್ತಿರುತ್ತದೆ. ಗಲಾಟೆ ಯಾರದೆಂದು ತಕ್ಷಣ ಗೊತ್ತಾಗುತ್ತದೆ. ಆ್ಯಪ್ ಮೇಲೆ ರೈಟ್ ಕ್ಲಿಕ್ ಮಾಡಿ ಮೀಟಿಂಗನ್ನು ಹೆಡ್‌ಫೋನ್‌ಗೆ, ಹಾಡನ್ನು ಸ್ಪೀಕರ್‌ಗೆ ಕಳಿಸಬಹುದು. ಆ್ಯಪ್ ಪಟ್ಟಿಯಲ್ಲೇ ಇಲ್ಲವಾದರೆ ಅದರಲ್ಲಿ ಮೊದಲು ಏನಾದರೂ ಪ್ಲೇ ಮಾಡಿ.

ಮಟ್ಟ ಹೊಂದಿಸುವಾಗ ಅತಿ ಮೆಲ್ಲಗೆ ಕೇಳುವ ಆ್ಯಪ್‌ನಿಂದ ಶುರುಮಾಡಿ. ಅದನ್ನು 100ಕ್ಕೆ ಇಟ್ಟು, ಮುಖ್ಯ ವಾಲ್ಯೂಮನ್ನು ಹಿತವೆನಿಸುವಷ್ಟಕ್ಕೆ ತನ್ನಿ, ಉಳಿದವನ್ನು ಇಳಿಸುತ್ತ ಬನ್ನಿ. ಆ್ಯಪ್ ಸ್ಲೈಡರ್ ಮುಖ್ಯ ವಾಲ್ಯೂಮ್‌ನಲ್ಲಿ ಒಂದು ಪಾಲನ್ನಷ್ಟೇ ಕೊಡುತ್ತದೆ, ಅದನ್ನು ಮೀರಿಸಲಾರದು.

ಕೊರತೆ ಇರುವುದು ಬ್ರೌಸರ್‌ನಲ್ಲಿ. ಕ್ರೋಮ್‌ನ ಎಲ್ಲ ಟ್ಯಾಬ್‌ಗಳಿಗೂ ಒಂದೇ ಸ್ಲೈಡರ್. ಯೂಟ್ಯೂಬ್‌ನಲ್ಲಿ ಹಳೆಯ ಹಾಡು ಪಿಸುಗುಟ್ಟಿ, ನಡುವಿನ ಜಾಹೀರಾತು ಅರಚಿದರೆ ಇದರಿಂದ ಏನೂ ಆಗದು. ವಿಡಿಯೊ ಮೇಲೆ ರೈಟ್ ಕ್ಲಿಕ್ ಮಾಡಿ ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ ತೆರೆದು ‘ಕಂಟೆಂಟ್ ಲೌಡ್‌ನೆಸ್’ ನೋಡಿ. ಅಲ್ಲಿ -9 ಡಿಬಿ (ಡೆಸಿಬೆಲ್) ಎಂದಿದ್ದರೆ ವಿಡಿಯೊದ ಸದ್ದೇ ಕಡಿಮೆ, ನಿಮ್ಮ ಸ್ಪೀಕರ್ ತಪ್ಪಲ್ಲ. ಅದಕ್ಕೆ ಮೆಲು ಸದ್ದನ್ನೂ ಜೋರು ಸದ್ದನ್ನೂ ಸಮ ಮಟ್ಟಕ್ಕೆ ತರುವ ವಿಂಡೋಸ್‌ನ ‘ಲೌಡ್‌ನೆಸ್ ಈಕ್ವಲೈಸೇಷನ್’ ಬೇಕು: ಕಂಟ್ರೋಲ್ ಪ್ಯಾನೆಲ್, ಸೌಂಡ್, ಸ್ಪೀಕರ್ ಪ್ರಾಪರ್ಟೀಸ್, ಎನ್‌ಹಾನ್ಸ್‌ಮೆಂಟ್ಸ್. ಕೆಲವು ಸೌಂಡ್ ಡ್ರೈವರ್‌ಗಳಲ್ಲಿ ಈ ಟ್ಯಾಬೇ ಇರುವುದಿಲ್ಲ. ಈ ಈಕ್ವಲೈಸೇಷನ್ ಉಪನ್ಯಾಸ, ಸಿನಿಮಾಕ್ಕೆ ಒಳ್ಳೆಯದು. ಸಂಗೀತ ಕಛೇರಿಗೆ ಮಾತ್ರ ಹಾಕಲೇಬೇಡಿ. ಆಲಾಪನೆಯ ಏರಿಳಿತವೆಲ್ಲ ಚಪ್ಪಟೆಯಾಗಿ, ತಂಬೂರಿಯ ಜೊತೆಗೆ ಟೇಪಿನ ‘ಹಿಸ್’ ಕೂಡ ಮೇಲೇಳುತ್ತದೆ.

ಕಾಲ್ ಬಂದೊಡನೆ ಉಳಿದೆಲ್ಲ ಸದ್ದು ಕುಸಿದರೆ ಇಯರ್‌ಟ್ರಂಪೆಟನ್ನು ಬೈಯಬೇಡಿ. ಅದೇ ಸೌಂಡ್ ಕಿಟಕಿಯ ‘ಕಮ್ಯುನಿಕೇಷನ್ಸ್’ ಟ್ಯಾಬ್‌ನಲ್ಲಿ ವಿಂಡೋಸ್ ತಾನಾಗಿ ಶೇ. 80 ಇಳಿಸುವಂತೆ ಇಟ್ಟಿರುತ್ತದೆ. ‘ಡು ನಥಿಂಗ್’ ಆರಿಸಿ.

ವಿಂಡೋಸ್ 10 ಇದ್ದವರು ಕಣ್ಣುಮುಚ್ಚಿ ಹಾಕಿಕೊಳ್ಳಬಹುದು. 11ರಲ್ಲಿ ವಿಂಡೋಸ್, ಕಂಟ್ರೋಲ್, ವಿ ಕೀಗಳನ್ನು ಒಟ್ಟಿಗೆ ಒತ್ತಿದರೆ ಅದರದೇ ಮಿಕ್ಸರ್ ಬರುತ್ತದೆ. ಅಲ್ಲಿ ಇಯರ್‌ಟ್ರಂಪೆಟ್‌ನ ಹೆಚ್ಚುಗಾರಿಕೆ ಆ ಕುಣಿಯುವ ಮಟ್ಟ ಮತ್ತು ಒಂದೊಂದು ಆ್ಯಪ್‌ಗೂ ಥಟ್ಟನೆ ಸ್ಪೀಕರ್ ಬದಲಿಸುವ ಸೌಕರ್ಯ, ಅಷ್ಟೇ.