ಗಾಡಿ ಚೆನ್ನಾಗಿತ್ತು, ಹೊಲ ಬೇರೆಯವರದ್ದು

ಕೊಪ್ಪಳದಿಂದ ಅರ್ಧ ದಿನದ ಆಫ್‌ರೋಡ್ ಸವಾರಿ, ತಲೆಗೆ 1,800 ರೂಪಾಯಿ, ಊಟ ಸೇರಿ. ನವೆಂಬರ್‌ನಲ್ಲಿ ನಾವು ನಾಲ್ವರು ಹೋಗಿದ್ದೆವು. ನನ್ನ ಲೆಕ್ಕದಲ್ಲಿ ಐದಕ್ಕೆ ಎರಡು ಸ್ಟಾರ್. ಹೆಸರು ಹಾಕೋದಿಲ್ಲ, ಆದರೆ ಕುಷ್ಟಗಿ ಕಡೆ ಇಂಥ ಸವಾರಿಗೆ ಹಣ ಕಟ್ಟೋ ಮುಂಚೆ ಇದನ್ನೊಮ್ಮೆ ಓದಿ.

ಥಾರ್ ಗಾಡಿ ಸುಸ್ಥಿತಿಯಲ್ಲಿತ್ತು. ಊಟಕ್ಕೆ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಆ ಎರಡು ಸ್ಟಾರ್ ಬಂದಿರೋದು ಇಲ್ಲಿಂದಲೇ.

ಮೊದಲ ಒಂದು ಗಂಟೆ ಬಂಡಿ ದಾರಿ, ತಕರಾರಿಲ್ಲ. ಆಮೇಲೆ ಡ್ರೈವರ್ ಹುಡುಗ ಹೈಟೆನ್ಷನ್ ಲೈನ್ ಕೆಳಗೆ ಗಾಡಿ ಇಳಿಸಿದ. ಟವರಿಂದ ಟವರಿಗೆ ನೇರ, ನಡುವೆ ಒಂದು ಮರ ಇಲ್ಲ, ನಮಗೇ ಅಂತ ಯಾರೋ ಬಿಟ್ಟುಕೊಟ್ಟ ಹಾಗೆ. ಇದು ಯಾರ ಹೊಲ ಅಂತ ಕೇಳಿದೆ. "ಲೈನ್ ಕೆಳಗಿನ ಜಾಗ ಸರ್ಕಾರದ್ದು ಸರ್, ಯಾರೂ ಕೇಳಂಗಿಲ್ಲ" ಅಂದ. ನಾನೂ ಸುಮ್ನೆ ಕೂತೆ, ಅದು ನನ್ನ ತಪ್ಪು.

ಮೂರನೇ ಟವರ್ ದಾಟಿದ ಮೇಲೆ ಒಬ್ಬ ಅಜ್ಜ ಅಡ್ಡ ನಿಂತರು. ಬೈಯಲಿಲ್ಲ. "ಇಳದು ಹಿಂದ ನೋಡ್ರಿ" ಅಂದರು. ಎರೆ ಮಣ್ಣು ಇನ್ನೂ ಹಸಿ ಇತ್ತು. ನಮ್ಮ ಗಾಲಿ ಜಾಡು ನಾಲ್ಕು ಬೆರಳು ಆಳ ಕೂತಿತ್ತು, ಅದರೊಳಗೆ ಎಳೇ ಕಡಲೆ ಗಿಡಗಳು ಟೈರಿನ ಅಚ್ಚಿನ ಜೊತೆ ಒತ್ತಿಕೊಂಡು ಮಲಗಿದ್ದವು. ಅಜ್ಜ ಕುಕ್ಕರಗಾಲಲ್ಲಿ ಕೂತು ಒಂದನ್ನು ಎತ್ತಿ ನಿಲ್ಲಿಸಲು ನೋಡಿದರು. ಅದು ಮತ್ತೆ ವಾಲಿತು. "ತಂತಿ ಅವರದ್ರೀ, ಹೊಲ ನಮ್ಮದು. ದಾರಿ ಎಲ್ಲೈತಿ ಇಲ್ಲಿ?"

ವಾಪಸ್ ಬಂದು ವಕೀಲ ಗೆಳೆಯನನ್ನು ಕೇಳಿದರೆ, ಅಜ್ಜ ಹೇಳಿದ್ದೇ ಕಾನೂನು ಅಂದ. ಇಂಥ ದೊಡ್ಡ ಲೈನ್ ಎಳೆಯುವವರಿಗೆ 2003ರ ವಿದ್ಯುತ್ ಕಾಯ್ದೆಯ 164ನೇ ಸೆಕ್ಷನ್ ಮೂಲಕ ಬೇರೆಯವರ ಜಮೀನಿನ ಮೇಲೆ ತಂತಿ, ಕಂಬ ಹಾಕುವ 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರ ಕೊಡುತ್ತಾರೆ. ಅದರ 10ನೇ ಸೆಕ್ಷನ್ ಪ್ರಕಾರ ಸಿಗೋದು ಬಳಸುವ ಹಕ್ಕು ಮಾತ್ರ, ಮಾಲೀಕತ್ವ ಅಲ್ಲ. ಪಹಣಿಯಲ್ಲಿ ರೈತನ ಹೆಸರೇ ಉಳಿಯುತ್ತದೆ. 400 ಕೆವಿ ಲೈನ್ ಆದರೆ ಸುಮಾರು 46 ಮೀಟರ್ ಅಗಲದ ಪಟ್ಟಿ. ಅಲ್ಲಿ ಮನೆ ಕಟ್ಟುವಂತಿಲ್ಲ, ಎತ್ತರದ ಮರ ಬೆಳೆಸುವಂತಿಲ್ಲ, ಆದರೆ ಉಳಬಹುದು, ಬಿತ್ತಬಹುದು. ಮರ ಇಲ್ಲದ್ದಕ್ಕೆ ಕಾರಣ ಇಷ್ಟೇ, ನಾವು ಅದನ್ನ ರಸ್ತೆ ಅಂದುಕೊಂಡೆವು. ಆ ಪಟ್ಟಿಗೆ ಜಮೀನಿನ ಬೆಲೆಯ 30% ಪರಿಹಾರ ಕೊಡಿ ಅಂತ ಕೇಂದ್ರದ 2024ರ ಮಾರ್ಗಸೂಚಿ ಹೇಳುತ್ತದೆ, 2015ರಲ್ಲಿ ಅದು ಹೆಚ್ಚೆಂದರೆ 15% ಇತ್ತು. ಜಾಗವನ್ನೇ ಕೊಂಡಿದ್ದರೆ ಪೂರ್ತಿ ಬೆಲೆ ಕೊಡಬೇಕಿತ್ತು, ಅಲ್ವಾ? ಗ್ಯಾಸ್ ಪೈಪ್‌ಲೈನ್ ಹೋದ ಹೊಲದಲ್ಲೂ ಇದೇ ಕಥೆ, ಅದಕ್ಕೆ 1962ರ ಬೇರೆ ಕಾಯ್ದೆ ಇದೆ.

ಲೈನ್‌ನವರು ರಿಪೇರಿಗೆ ಬಂದು ಬೆಳೆ ತುಳಿದರೂ ನಷ್ಟ ಕಟ್ಟಿಕೊಡಬೇಕು. ನಾವು ಬಂದದ್ದು ಮೋಜಿಗೆ. ತಿಳಿಯದೆ ಕಾಲಿಟ್ಟರೆ ಅಷ್ಟಕ್ಕೇ ಜೈಲಾಗೋದಿಲ್ಲ, ಕಾಡಿಸುವ ಇಲ್ಲವೇ ಅಪರಾಧ ಮಾಡುವ ಉದ್ದೇಶ ಇರಬೇಕು. ಆದರೆ ಬೇಡ ಅಂದ ಮೇಲೂ ಅದೇ ಉದ್ದೇಶದಿಂದ ಅಲ್ಲೇ ನಿಂತರೆ ಭಾರತೀಯ ನ್ಯಾಯ ಸಂಹಿತೆಯ 329ನೇ ಸೆಕ್ಷನ್ ಬರುತ್ತದೆ: 3 ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಬೆಳೆ ನಷ್ಟದ ದಾವೆ ಬೇರೆ.

ಹಾಗಾಗಿ ಬುಕ್ ಮಾಡೋವಾಗ ಕೇಳಿ, ನಿಮ್ಮ ದಾರಿ ಗ್ರಾಮ ನಕ್ಷೆಯಲ್ಲಿ ಇದೆಯಾ, ಇಲ್ಲದಿದ್ದರೆ ಹೊಲದವರ ಒಪ್ಪಿಗೆ ಬರೆದುಕೊಂಡಿದ್ದೀರಾ ಅಂತ.

ನಾವು ನಾಲ್ವರು ಸೇರಿಸಿ ಅಜ್ಜನಿಗೆ ಎರಡು ಸಾವಿರ ಕೊಟ್ಟೆವು, ಬೇಡ ಬೇಡ ಅಂತಲೇ ಇಟ್ಟುಕೊಂಡರು. ಸಂಜೆ ಸವಾರಿಯವರಿಗೆ ಫೋನ್ ಮಾಡಿ, ಆ ದುಡ್ಡು ನೀವು ಕೊಡಬೇಕಿತ್ತು ಅಂದೆ. "ಟೆನ್ಷನ್ ತಗೋಬೇಡಿ ಸರ್, ಮುಂದಿನ ಸಲ ಬೇರೆ ಲೈನ್ ಹಿಡಿಯೋಣ" ಅಂದರು.