ಬುರ್ಜ್ ಖಲೀಫಾ 124ನೇ ಮಹಡಿ: ಹತ್ತಿ, ಆದ್ರೆ ಬೆಳಿಗ್ಗೆ ಟಿಕೆಟ್ ತಗೊಳ್ಳಿ

ಹೋದ ಡಿಸೆಂಬರಲ್ಲಿ ದುಬೈಲಿರೋ ಭಾವನ ಮನೆಗೆ ಹೋದಾಗ ಮಕ್ಕಳ ಹಟಕ್ಕೆ ಇದನ್ನೂ ನೋಡ್ಕೊಂಡು ಬಂದ್ವಿ. ಸೂರ್ಯ ಮುಳುಗೋ ಹೊತ್ತಿನ ಸ್ಲಾಟ್‌ಗೆ ರೇಟ್ ಜಾಸ್ತಿ, ನಾವು ಬೆಳಿಗ್ಗೇದು ತಗೊಂಡ್ವಿ, ಏನೂ ಕಳ್ಕೊಂಡ ಹಾಗೆ ಅನ್ನಿಸ್ಲಿಲ್ಲ. ಊರಲ್ಲಿ ಒಬ್ಬ ಟ್ರಾವೆಲ್ಸ್‌ನವನ ಹತ್ರ ಬುಕ್ ಮಾಡ್ಸಿದ್ದೇ ತಪ್ಪು, ಚೆನ್ನಾಗಿ ಬೋಳಿಸಿದ, ನೀವು ಆನ್‌ಲೈನಲ್ಲಿ ನೀವೇ ಮಾಡ್ಕೊಳ್ಳಿ. ದುಬೈ ಮಾಲ್ ಒಳಗಿಂದ ಎಂಟ್ರಿ. ಲಿಫ್ಟ್ ಒಂದೇ ನಿಮಿಷಕ್ಕೆ 124ಕ್ಕೆ ಒಯ್ಯತ್ತೆ, ಅಲುಗಾಡೋದೇ ಇಲ್ಲ, ಕಿವಿ ಮಾತ್ರ ಕಟ್ಕೊಳ್ಳತ್ತೆ.

ಮೇಲಿಂದ ನೋಟ ಸೂಪರ್. ಆದ್ರೆ ನಂಗೆ ಮಜಾ ಕೊಟ್ಟಿದ್ದು ಭಾವನ ಕಥೆ. ಅವ್ರು 2008ರಿಂದ ಅಲ್ಲೇ ಇದಾರೆ. ಕಟ್ತಿರೋವಾಗ ಇದರ ಹೆಸರು ಬುರ್ಜ್ ದುಬೈ, 2009ರ ನವೆಂಬರಲ್ಲಿ ಅಲ್ಲಿನ ಸರ್ಕಾರದ್ದೇ ಕಂಪನಿ ದುಬೈ ವರ್ಲ್ಡ್ ಸಾಲ ತೀರಿಸಕ್ಕೆ ಟೈಮ್ ಕೊಡಿ ಅಂತು, ಡಿಸೆಂಬರಲ್ಲಿ ಪಕ್ಕದ ಅಬುಧಾಬಿ 1000 ಕೋಟಿ ಡಾಲರ್ ಕೊಟ್ಟು ಕೈ ಹಿಡೀತು, 2010ರ ಜನವರಿ 4ಕ್ಕೆ ಉದ್ಘಾಟನೆ ದಿನಾನೇ ಅಬುಧಾಬಿ ದೊರೆ ಖಲೀಫಾ ಅವರ ಹೆಸರು ಬಂತು. ಗೃಹಪ್ರವೇಶದ ದಿನ ಬಾಗಿಲ ಮೇಲೆ ಸಾಲ ಕೊಟ್ಟೋರ ಹೆಸರು ಬರೆಸ್ದಂಗೆ!

ಆಂಡ್ರ್ಯೂ ಲಾರೆನ್ಸ್ ಅನ್ನೋ ಅರ್ಥಶಾಸ್ತ್ರಜ್ಞರು 1999ರಲ್ಲೇ ಹೇಳಿದ್ರಂತೆ, ಜಗತ್ತಿನ ಅತಿ ಎತ್ತರದ ಕಟ್ಟಡ ಏಳ್ತಿದೆ ಅಂದ್ರೆ ಹುಷಾರು, ಆರ್ಥಿಕ ಕುಸಿತ ಹತ್ರ ಬಂದಿರತ್ತೆ ಅಂತ. 1931ರಲ್ಲಿ ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡ ಮಹಾ ಆರ್ಥಿಕ ಕುಸಿತದ ಮಧ್ಯೆ ಬಾಗಿಲು ತೆರೀತು, ಬಾಡಿಗೆಗೆ ಜನ ಇಲ್ದೆ ಅದನ್ನ ಎಂಪ್ಟಿ ಸ್ಟೇಟ್ ಅಂತಿದ್ರು. ಮಲೇಷ್ಯಾದ ಪೆಟ್ರೋನಾಸ್ ಗೋಪುರ ಮುಗಿಯೋ ಹೊತ್ತಿಗೆ 1997ರ ಏಷ್ಯಾ ಆರ್ಥಿಕ ಬಿಕ್ಕಟ್ಟು. ಕಾರಣ ಸಿಂಪಲ್, ಸಾಲ ಸುಲಭವಾಗಿ ಸಿಗೋವಾಗ ಜಾಗದ ರೇಟ್ ಏರತ್ತೆ, ಎಲ್ರೂ ಮೇಲಕ್ಕೆ ಕಟ್ಟಕ್ಕೆ ಶುರು ಮಾಡ್ತಾರೆ, ಕಟ್ಟಕ್ಕೆ ಐದಾರು ವರ್ಷ ಬೇಕು, ರಿಬ್ಬನ್ ಕತ್ತರಿಸೋ ಹೊತ್ತಿಗೆ ಮಾರ್ಕೆಟ್ಟೇ ಮಲಗಿರತ್ತೆ. ಹಂಗಂತ ಯಾವಾಗ್ಲೂ ನಿಜ ಅಲ್ಲ, 2004ರಲ್ಲಿ ತೈವಾನ್‌ನ ತೈಪೆ 101 ಕಟ್ಟಡ ಮುಗಿದ ಟೈಮಲ್ಲಿ ಅಂಥದ್ದೇನೂ ಆಗ್ಲಿಲ್ಲ.

ಇನ್ನೊಂದು ವಿಷ್ಯ, 828 ಮೀಟರಲ್ಲಿ ಮೇಲಿನ 244 ಮೀಟರ್ ಯಾರೂ ಇರಕ್ಕಾಗಲ್ಲ, ಬರೀ ಶೋಕಿ ಎತ್ತರ! ಅಷ್ಟುದ್ದದ ಬಿಲ್ಡಿಂಗೇ ನಮ್ಮ ಕಡೆ ಇಲ್ಲ ಅನ್ಸತ್ತೆ.

ಸೌದಿಯ ಜೆಡ್ಡಾದಲ್ಲಿ 1000 ಮೀಟರ್ ದಾಟೋ ಕಟ್ಟಡ ಏಳ್ತಿದೆ, ಅಲ್ಲಿಗೂ ಹೋಗೋಣ ಅಂದ ಮಗ. ಭಾವ ನಕ್ಕು, ಹೋಗಪ್ಪ, ಆ ವರ್ಷ ನಿಮ್ಮಪ್ಪ ಫ್ಲಾಟ್ ಮಾತ್ರ ಬುಕ್ ಮಾಡ್ದಿರ್ಲಿ ಅಂದ್ರು.

5ಕ್ಕೆ 4 ಸ್ಟಾರ್. ಇಳಿಯೋವಾಗ ಫೋಟೋ ಕೌಂಟರಲ್ಲಿ ಕರೀತಾರೆ, ನಿಮ್ಮ ಮೊಬೈಲಲ್ಲೇ ತೆಕ್ಕೊಳ್ಳಿ ಸಾಕು.